ಅದೇ ಪ್ರಸಂಗ

ನಮ್ಮ ಕರಾವಳಿಯಲ್ಲಿ ಪ್ರಸಂಗಗಳು ಎರಡು ಬಗೆ. ಒಂದು, ಗದ್ದೆಯಲ್ಲಿ ರಾತ್ರಿಯಿಡೀ ನಡೆಯುವ ಯಕ್ಷಗಾನದ್ದು. ಇನ್ನೊಂದು, ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಅಯ್ಯನವರು ಮಾಡುವುದು. ಎರಡರಲ್ಲೂ ಕತೆ ಮೊದಲೇ ಗೊತ್ತು. ಎರಡರ ನಡುವೆಯೂ ಒಂದು ಸಣ್ಣ ನಿದ್ದೆಗೆ ಅವಕಾಶ ಉಂಟು. ಶನಿವಾರ ರಾತ್ರಿ ಮೊದಲನೆಯದಕ್ಕೆ ಹೋದವರು ಬಾಕಿ ಉಳಿದ ನಿದ್ದೆಯನ್ನು ಎರಡನೆಯದರಲ್ಲಿ ತೀರಿಸುತ್ತಿದ್ದರು.

ನನ್ನ ಅಜ್ಜಿಯ ಜಾಗ ಮೂರನೇ ಬೆಂಚು. ಪ್ರಸಂಗ ಶುರುವಾದೊಡನೆ ಕಣ್ಣು ಮುಚ್ಚುತ್ತಿದ್ದಳು. ಕೇಳಿದರೆ, "ಕಣ್ಣು ಮುಚ್ಚಿದರೆ ಕಿವಿ ಚುರುಕಾಗ್ತದೆ ಮಗಾ" ಎನ್ನುವಳು. ಅಷ್ಟಕ್ಕೂ ಅವಳಿಗೆ ಕೇಳುವ ಅಗತ್ಯವೇ ಇರಲಿಲ್ಲ. ಕರ್ತನ ಮೇಜಿನ ಹೊದಿಕೆಯ ಬಣ್ಣ ನೋಡಿ ಒಳಗಿನ ಮಾತು ಹೇಳಿಬಿಡುತ್ತಿದ್ದಳು. ಕ್ರಿಸ್‌ಮಸ್ಸಿಗೆ ಮುಂಚಿನ ಅಡ್ವೆಂಟಿನ ನಾಲ್ಕು ಭಾನುವಾರ ನೇರಳೆ: "ಇವತ್ತು ಕಾಯಿರಿ ಅಂತಾರೆ." ಕ್ರಿಸ್‌ಮಸ್ಸಿಗೆ ಬಿಳಿ: "ಬಂದ ಅಂತಾರೆ." ಈಸ್ಟರಿಗೆ ಮುಂಚಿನ ಲೆಂಟಿಗೆ ಮತ್ತೆ ನೇರಳೆ: "ತಿದ್ದಿಕೊಳ್ಳಿ ಅಂತಾರೆ." ಲೆಂಟಿನ 40 ದಿನಗಳ ಲೆಕ್ಕದಲ್ಲಿ ಭಾನುವಾರ ಸೇರುವುದಿಲ್ಲ ಎಂಬುದನ್ನು ಮಾತ್ರ ಅಜ್ಜ ಚೆನ್ನಾಗಿ ನೆನಪಿಟ್ಟಿದ್ದ, ವಾರವೆಲ್ಲ ಬಿಟ್ಟ ಬಂಗುಡೆ ಅಂದು ತಟ್ಟೆಗೆ ಮರಳುತ್ತಿತ್ತು.

ಕ್ರಿಸ್‌ಮಸ್ ನಮ್ಮ ಸಂಕ್ರಾಂತಿಯ ಹಾಗೆ, ತಾರೀಕು ಕದಲುವುದಿಲ್ಲವೆನ್ನಬಹುದು. ಈಸ್ಟರ್ ಯುಗಾದಿಯ ಜಾತಿ. ಚಂದ್ರನನ್ನು ನೋಡಿಕೊಂಡು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲೆಂದರಲ್ಲಿ ಬಂದು ಕೂರುತ್ತದೆ. ಅದಾಗಿ ಐವತ್ತನೆಯ ದಿನಕ್ಕೆ ಪಂಚಾಶತ್ತಮ, ಕೆಂಪು ಹೊದಿಕೆ. ಆಮೇಲೆ ಹಸಿರು. ಅದು ಹೆಚ್ಚುಕಡಿಮೆ ಅರ್ಧ ವರ್ಷ ಹಾಗೇ ಇರುತ್ತದೆ. ಒಳಗೆ ಮೇಜು ಹಸಿರಾಗುವ ಹೊತ್ತಿಗೆ ಹೊರಗೆ ಮುಂಗಾರು ಇಳಿದು ಗದ್ದೆಯೂ ಹಸಿರಾಗುತ್ತದೆ. ಹಂಚಿನ ಮಾಡಿಗೆ ಮಳೆ ಹೊಡೆದರೆ ಪ್ರಸಂಗದ ಒಂದಕ್ಷರವೂ ಕೇಳದು. ಸುವಾರ್ತೆ ಸಾರಲು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರೇ 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದರು. ತಮ್ಮ ಹಂಚೇ ತಮ್ಮ ಪ್ರಸಂಗವನ್ನು ಮುಳುಗಿಸೀತೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಅಡ್ವೆಂಟಿನ "ಕಾಯಿರಿ" ಎಂಬ ಮಾತಿಗೆ ಬಂದರೆ, ಪೌಲನು ಕೊರಿಂಥದವರಿಗೆ ಬರೆಯುತ್ತ ಮೂರನ್ನು ಸಾಲಾಗಿ ನಿಲ್ಲಿಸುತ್ತಾನೆ: ನಂಬಿಕೆ, ನಿರೀಕ್ಷೆ, ಪ್ರೀತಿ. ನಡುವಿನದು ನಾವು ಬಸ್ಸಿಗೂ ಬಳಸುವ ಪದ. ಬಸ್ಸಿನ ನಿರೀಕ್ಷೆಯಲ್ಲಿರುವವನು ಸುಮ್ಮನೆ ಕೂರುವುದಿಲ್ಲ. ಕತ್ತು ಚಾಚಿ ತಿರುವಿನತ್ತ ನೋಡುತ್ತಲೇ ಇರುತ್ತಾನೆ. ಆಸೆಯನ್ನು ಮನೆಯೊಳಗೆ ಮಲಗಿಕೊಂಡೂ ಪಡಬಹುದು. ನಿರೀಕ್ಷೆಗೆ ಬಾಗಿಲ ತನಕವಾದರೂ ಬರಬೇಕು.

ನಮ್ಮ ನೆರೆಮನೆಯ ಕ್ಯಾಥೊಲಿಕ್ ಬಾಯಮ್ಮನದು ಬೇರೆ ಪಾಠ. ಗರಿಗಳ ಭಾನುವಾರ ಯೇಸುವಿಗೆ ಜೈಕಾರ ಹಾಕಿ ಚರ್ಚಿನಿಂದ ತಂದ ಗರಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿಡುತ್ತಿದ್ದಳು. ವರ್ಷವಿಡೀ ಹೊಗೆ ಕುಡಿದು ಒಣಗಿದ ಅದನ್ನು ಬೂದಿ ಬುಧವಾರಕ್ಕೆ ಮೊದಲು ಹಿಂದಕ್ಕೆ ಕೊಡುವಳು. ಅದನ್ನು ಸುಟ್ಟ ಬೂದಿಯೇ ಅವಳ ಹಣೆಗೆ. ಹೋದ ವರ್ಷದ ಜೈಕಾರ ಈ ವರ್ಷದ ಬೂದಿ! ಆದರೆ ಐದಾರು ವಾರ ಕಳೆದರೆ ಮತ್ತೆ ಕೈಯಲ್ಲಿ ಎಳೆ ಗರಿ.

ಒಮ್ಮೆ ಹೊಸ ಅಯ್ಯನವರು ಬಂದರು, ಹುಮ್ಮಸ್ಸಿನ ಯುವಕ. ಈಸ್ಟರಿಗೆ ಪರದೆಯ ಮೇಲೆ ಚಿತ್ರ ತೋರಿಸಿ, ಯಾರೂ ಕೇಳಿರದ ಮಾತು ಹೇಳಿದರು. ಅಂದು ಅಜ್ಜಿಗೆ ನಿದ್ದೆಯೇ ಬರಲಿಲ್ಲ. ಸಿಟ್ಟಿನಲ್ಲಿ ಮನೆಗೆ ಬಂದಳು.

"ಪ್ರತಿವರ್ಷ ಅದೇ ಕೇಳಿ ಬೇಜಾರಾಗುವುದಿಲ್ಲವಾ ಅಜ್ಜಿ?" ಎಂದೆ.

"ದಿನಾ ಗಂಜಿ ಉಣ್ಣುವಾಗ ಬೇಜಾರಾಗ್ತದಾ? ಗಂಜಿ ಅದೇ ಮಗಾ. ಹಸಿವು ದಿನಾ ಹೊಸತು."

ಬರುವ ಭಾನುವಾರ ಮೇಜಿಗೆ ನೇರಳೆ ಹೊದಿಕೆ. ಕಾಯಿರಿ ಅಂತಾರೆ. ಹೋಗಬೇಕು, ಮೂರನೇ ಬೆಂಚಿನಲ್ಲಿ ಈಗ ಜಾಗ ಉಂಟು.