ಗಾಲಿಗೆ ಕಲ್ಲು ಕೊಡುವ ವಿಧಾನ

ಬೈಕಿನ ಜೊತೆ ಕೊಡುವ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವರು ಮಂಡ್ಯ ಜಿಲ್ಲೆಯಲ್ಲಿ ಎಷ್ಟು ಮಂದಿಯೋ ಗೊತ್ತಿಲ್ಲ, ನಾನಂತೂ ಓದಿದ್ದೇನೆ. ಓದಿದ್ದು ಬೈಕು ಬಿದ್ದ ಮೇಲೆ. ನಿಲ್ಲಿಸುವ ವಿಷಯಕ್ಕೆ ಬಂದರೆ ಈ ಕೈಪಿಡಿಗಳೆಲ್ಲ ಹೇಳುವುದು ಒಂದೇ ಮಾತು: ಗಟ್ಟಿಯಾದ, ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ.

ಬರೆದವರು ಈ ಕಡೆ ಬಂದವರಲ್ಲ. ನಮ್ಮಲ್ಲಿ ಸಮತಟ್ಟಾಗಿರುವುದು ಗದ್ದೆ, ಅದು ಗಟ್ಟಿಯಿಲ್ಲ. ಗಟ್ಟಿಯಾಗಿರುವುದು ರಸ್ತೆ, ಅದು ಸಮತಟ್ಟಿಲ್ಲ. ಎರಡೂ ಒಟ್ಟಿಗೆ ಸಿಗುವುದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ. ಅಲ್ಲಿಗೆ ಬೈಕು ಬಿಡುವುದಿಲ್ಲ. ಆದಕಾರಣ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಗೆ ಅನ್ವಯವಾಗುವಂತೆ ಸದರಿ ಕೈಪಿಡಿಗೆ ಈ ಅನುಬಂಧವನ್ನು ಸೇರಿಸಲಾಗಿದೆ. ಸೇರಿಸಿದವನು ನಾನೇ, ಯಾವ ಕಂಪನಿಯೂ ಕೇಳಿಲ್ಲ.

ವ್ಯಾಖ್ಯೆ

ಭಾರಿ ಬೈಕು ಎಂದರೆ, ಬಿದ್ದಾಗ ಎತ್ತುವುದಕ್ಕೆ ಮೊದಲು ಯಾರಾದರೂ ನೋಡಿದರಾ ಎಂದು ಯಜಮಾನ ಸುತ್ತ ಕಣ್ಣಾಡಿಸುವ ಬೈಕು. ಅಂಕಿಯಲ್ಲೇ ಹೇಳಬೇಕೆಂದರೆ ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650 ತೂಗುವುದು 241 ಕೆಜಿ. ಪಕ್ಕದ ಪೆಟ್ಟಿಗೆ, ಬಟ್ಟೆ, ಚಿಕ್ಕಮ್ಮ ಕಟ್ಟಿಕೊಟ್ಟ ತೆಂಗಿನಕಾಯಿ ಸೇರಿದರೆ 270 ಮುಟ್ಟುತ್ತದೆ. ಅಪ್ಪನ ಕಾಲದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ ಮನೆಯಲ್ಲಿತ್ತು. ಅದನ್ನು ಎಲ್ಲಿ ಬೇಕಾದರೂ ಎತ್ತಿ ತಿರುಗಿಸಿ ಇಡಬಹುದಿತ್ತು, ಅದಕ್ಕೆ ಅನುಬಂಧ ಬೇಕಾಗಿರಲಿಲ್ಲ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಬೈಕುಗಳು ದಪ್ಪವಾಗುತ್ತ ಬಂದವು, ನಮ್ಮ ಸೊಂಟ ಮಾತ್ರ ಹಳೇ ಮಾದರಿಯಲ್ಲೇ ಉಳಿಯಿತು.

ಮಂಡ್ಯದಲ್ಲಿ ಇಳಿಜಾರೆಲ್ಲಿದೆ ಎಂದು ಕೇಳುವವರಿಗೆ

ಇತ್ತು, ಈಗ ಹೆಚ್ಚಾಗಿದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕು, ಆಟೊ, ಟ್ರ್ಯಾಕ್ಟರ್ ಬರಕೂಡದು ಎಂದಾಯಿತು. ಹೀಗಾಗಿ ಎರಡೂವರೆ ಕ್ವಿಂಟಾಲಿನ ಟೂರಿಂಗ್ ಬೈಕು, ಕಬ್ಬು ಹೇರಿದ ಟ್ರ್ಯಾಕ್ಟರು ಇವತ್ತು ಸರ್ವಿಸ್ ರಸ್ತೆಯಲ್ಲಿ ಒಂದೇ ಪಂಕ್ತಿಯ ನೆಂಟರು. ಕಾರಿನವರು ಮೇಲೆ ಸಮತಟ್ಟಿನಲ್ಲಿ ಹಾರಿಹೋಗುತ್ತಾರೆ. ಅಂಡರ್‌ಪಾಸಿನ ತಗ್ಗು, ಪಕ್ಕದ ಹಳ್ಳಿಗೆ ಹತ್ತುವ ದಿಬ್ಬ, ಚರಂಡಿಯ ಕಡೆಗೆ ವಾಲಿದ ಅಂಚು, ಇವೆಲ್ಲ ನಮ್ಮ ಪಾಲು. ಇದರ ಮೇಲೆ ವಿಶ್ವೇಶ್ವರಯ್ಯ ನಾಲೆಯ ಏರಿಗಳು, ಮಳವಳ್ಳಿ ದಾಟಿದರೆ ಗಗನಚುಕ್ಕಿ, ಹಲಗೂರಿನಿಂದ ಕಾಡೊಳಗೆ ಇಳಿದರೆ ಮುತ್ತತ್ತಿ.

ಇಳಿಜಾರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 10 ಅಡಿಗೆ 1 ಅಡಿ ಇಳಿಯುವ ಜಾಗದಲ್ಲಿ ತೂಕದ ಹತ್ತನೇ ಒಂದು ಪಾಲು ಬೈಕನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. 270 ಕೆಜಿಗೆ 27. ಅಂದರೆ 25 ಕೆಜಿಯ ಅಕ್ಕಿ ಮೂಟೆಯೊಂದು ನೀವು ಕಾಫಿ ಕುಡಿದು ಮುಗಿಸುವವರೆಗೂ ಬೈಕಿಗೆ ಜೋತುಬಿದ್ದಿರುತ್ತದೆ. ಇದೇ ಸೆಳೆತವನ್ನು ಹಿಡಿದು 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ಮಾಡಿ, ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಕಾವೇರಿಯನ್ನು ಉರುಳಿಸಿ ಗಣಿಯ ಯಂತ್ರ ತಿರುಗಿಸಿದ್ದು ನಿಮ್ಮ ಸೈಡ್ ಸ್ಟ್ಯಾಂಡಿನ ಮುಖ ನೋಡಿ ಸುಮ್ಮನಿರುತ್ತದೆಯೆ?

ಮೂತಿ ಎತ್ತ ಇರಬೇಕು

ಮೇಲಕ್ಕೆ. ಈ ಅನುಬಂಧದಲ್ಲಿ ಒಂದೇ ಪದ ನೆನಪಿಡುವುದಾದರೆ ಇದನ್ನು ಇಡಿ.

ಕಾರಣ ಹೀಗಿದೆ. ಸೈಡ್ ಸ್ಟ್ಯಾಂಡನ್ನು ನಾವು ಕಾಲಲ್ಲಿ ಮುಂದಕ್ಕೆ ತಳ್ಳಿ ಬಿಡಿಸುತ್ತೇವೆ, ಅದು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಮೂತಿ ಕೆಳಕ್ಕಿದ್ದು ಬೈಕು ಒಂದು ಗೇಣು ಮುಂದಕ್ಕೆ ಉರುಳಿದರೆ, ನೆಲ ಕಚ್ಚಿದ ಸ್ಟ್ಯಾಂಡು ಅಲ್ಲೇ ಉಳಿದು ತಾನಾಗಿ ಮಡಚಿಕೊಳ್ಳುತ್ತದೆ. ಮುಂದಿನದನ್ನು ಕೈಪಿಡಿಗಳು ಬರೆಯುವುದಿಲ್ಲ, ಗ್ಯಾರೇಜಿನ ಬಿಲ್ಲಿನಲ್ಲಿ ಓದಿಕೊಳ್ಳಬಹುದು. ಮೂತಿ ಮೇಲಕ್ಕಿದ್ದರೆ ಹಿಂದಕ್ಕೆ ಜಾರುವ ಬೈಕು ಸ್ಟ್ಯಾಂಡನ್ನು ಅದರ ತಡೆಗೇ ಇನ್ನಷ್ಟು ಒತ್ತುತ್ತದೆ. ಮುಂದಕ್ಕೆ ಉರುಳಿದರೆ ಮಡಚಿಕೊಳ್ಳುವ ಗುಣ ಸೆಂಟರ್ ಸ್ಟ್ಯಾಂಡಿಗೂ ಇದೆ. ಅದನ್ನು ಇಳಿಜಾರಿನಲ್ಲಿ ಹಾಕಲೇಬೇಡಿ.

ಮೂತಿ ಕೆಳಗೆ ಮಾಡಿ ನಿಲ್ಲಿಸುವುದರಲ್ಲಿ ಇನ್ನೊಂದು ಸುಖವಿದೆ. ಮದ್ದೂರಿನಲ್ಲಿ ಒಂದು ವಡೆ ಅಂಗಡಿಯ ಮುಂದೆ, ರಸ್ತೆಯಿಂದ ಇಳಿಜಾರಾಗಿ ಗೋಡೆಯವರೆಗೆ ಹೋಗುವ ಜಾಗದಲ್ಲಿ, ನಾನು ಠೀವಿಯಿಂದ ನೇರ ಇಳಿಸಿ ನಿಲ್ಲಿಸಿದೆ. ಎರಡು ವಡೆ, ಒಂದು ಕಾಫಿ. ಆಮೇಲೆ ಹೊರಡಬೇಕಲ್ಲ! ಮುಂದೆ ಗೋಡೆ, ಹಿಂದೆ ದಿಬ್ಬ, ಬೈಕಿಗೆ ರಿವರ್ಸ್ ಗೇರಿಲ್ಲ. 390 ಕೆಜಿಯ ಆಸುಪಾಸಿನ ಹೋಂಡಾ ಗೋಲ್ಡ್ ವಿಂಗ್ ಟೂರ್‌ಗೆ ಅದೂ ಇದೆ, ಪಾರ್ಕಿಂಗ್ ಬ್ರೇಕೂ ಇದೆ. ಅಷ್ಟು ದುಡ್ಡಿದ್ದರೆ ನಾನು ಈ ಅನುಬಂಧ ಬರೆಯುತ್ತಿರಲಿಲ್ಲ. ಹಿಂದಕ್ಕೆ ತಳ್ಳಲು ನಾಲ್ವರು ಬಂದರು, ಸಲಹೆ ಕೊಡಲು ಹದಿನಾಲ್ಕು ಜನ. ಒಬ್ಬರು ಲೀಟರಿಗೆ ಎಷ್ಟು ಕೊಡುತ್ತದೆ ಎಂದೂ ವಿಚಾರಿಸಿದರು.

ನಿಲ್ಲಿಸುವ ಕ್ರಮ

ಇಂಜಿನ್ ಆರಿಸಿ, ಮುಂದಿನ ಬ್ರೇಕ್ ಹಿಡಿದೇ ಇರಿ. ಒಂದನೇ ಗೇರಿಗೆ ಹಾಕಿ ಕ್ಲಚ್ ಬಿಡಿ. ಈಗ ಬ್ರೇಕನ್ನು ಮೆಲ್ಲಗೆ ಸಡಿಲಿಸಿ ಬೈಕನ್ನು ಹಿಂದಕ್ಕೆ ಒಂದೆರಡು ಬೆರಳಷ್ಟು ಜಾರಲು ಬಿಡಿ. ಟಕ್ಕೆಂದು ಕಚ್ಚಿಕೊಂಡು ನಿಲ್ಲುತ್ತದೆ. ಕಚ್ಚಿದ ಮೇಲೆ ಸ್ಟ್ಯಾಂಡು, ಆಮೇಲೆ ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿ ಬೀಗ. ಸ್ಟ್ಯಾಂಡು ಮೊದಲು, ಗೇರು ಆಮೇಲೆ ಎನ್ನುವವರು ಆ ಎರಡು ಬೆರಳಿನ ಜಾರನ್ನು ಸ್ಟ್ಯಾಂಡಿನ ಮೇಲೆ ಹೇರುತ್ತಾರೆ.

ಮುಂದಿನ ಬ್ರೇಕಿನ ಲಿವರಿಗೆ ಹಳೇ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಳೆಯನ್ನು ಬಿಗಿಯಾಗಿ ಹಾಕಿಡಬಹುದು. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಸುಮ್ಮನೆ ಕೊಡುತ್ತಾರೆ. ಇದನ್ನೇ ಬಣ್ಣ ಹಚ್ಚಿ ಆನ್‌ಲೈನಿನಲ್ಲಿ ಮಾರುತ್ತಾರೆ, ಕೊಳ್ಳುವವರೂ ಇದ್ದಾರೆ. ನಾನೂ ಕೊಂಡಿದ್ದೆ.

ರಸ್ತೆಯ ಎಡ ಅಂಚು ಚರಂಡಿಯ ಕಡೆಗೆ ವಾಲಿರುತ್ತದೆ, ಸ್ಟ್ಯಾಂಡೂ ಎಡಕ್ಕೇ ಇರುತ್ತದೆ. ಆದ್ದರಿಂದ ಅಂಚಿನಲ್ಲಿ ನಿಲ್ಲಿಸಿದ ಬೈಕು ಕುಡಿದವನು ಕಂಬಕ್ಕೆ ಒರಗಿದಂತೆ ಒರಗುತ್ತದೆ. ಹೊರಡುವಾಗ ನೆಟ್ಟಗೆ ಮಾಡುವುದು ಕಷ್ಟ, ಆದರೂ ಬೀಳುವುದಿಲ್ಲ. ಬಲಕ್ಕೆ ತಗ್ಗಿರುವ ಜಾಗ ಅಪಾಯದ್ದು. ಅಲ್ಲಿ ಬೈಕು ತೀರಾ ನೆಟ್ಟಗೆ ನಿಂತಿರುತ್ತದೆ, ಒಂದು ಎಮ್ಮೆ ಮೈ ಸವರಿ ಹೋದರೆ ಸಾಕು. ಬಲಕ್ಕೆ ಊರುಗೋಲಿಲ್ಲ.

ನಿಲ್ಲಿಸಿದ ಮೇಲೆ ಹೇರುವವರಿಗೂ ಒಂದು ಮಾತು. ಭಾರ ಬಿದ್ದಷ್ಟೂ ಹಿಂದಿನ ಸ್ಪ್ರಿಂಗು ಕುಗ್ಗುತ್ತದೆ, ಸ್ಟ್ಯಾಂಡಿನ ಉದ್ದ ಇದ್ದಷ್ಟೇ ಇರುತ್ತದೆ, ಬೈಕು ಇನ್ನೂ ನೆಟ್ಟಗಾಗುತ್ತದೆ. ಆಲೆಮನೆಯಲ್ಲಿ ಕೊಂಡ 10 ಕೆಜಿ ಬೆಲ್ಲವನ್ನು ನಾನು ಬಲಗಡೆಯ ಪೆಟ್ಟಿಗೆಗೆ ತುಂಬಿದೆ. ಬೆಲ್ಲಕ್ಕೆ ಏನೂ ಆಗಲಿಲ್ಲ.

ಮೆತ್ತನೆ ನೆಲ

ಏಪ್ರಿಲ್ ಮಧ್ಯಾಹ್ನದ ಟಾರು, ನೀರು ಬಿಟ್ಟ ಕಾಲದ ನಾಲೆ ಏರಿ, ಎರಡರಲ್ಲೂ ಸ್ಟ್ಯಾಂಡಿನ ತುದಿ ಬೆಣ್ಣೆಗೆ ಚಾಕು ಇಳಿದಂತೆ ಇಳಿಯುತ್ತದೆ. ಅಡಿಗೆ ಏನಾದರೂ ಕೊಡಬೇಕು. ತೆಂಗಿನ ಚಿಪ್ಪು ಕೊಟ್ಟು ನೋಡಿದ್ದೇನೆ, ಒಡೆಯುತ್ತದೆ. ಉಂಡೆ ಕಲ್ಲು ಹೊರಳುತ್ತದೆ. ಇಲ್ಲಿ ಮದ್ದೂರಿನ ರೈಲು ನಿಲ್ದಾಣದಿಂದ ಪಾಠ ಕಲಿಯಬಹುದು. ಗಾಡಿ ಬರುವ ಅವಸರಕ್ಕೆ ಹಿಟ್ಟನ್ನು ಉಂಡೆ ಬಿಡದೆ ತಟ್ಟಿ ಕರಿದದ್ದರಿಂದ ಮದ್ದೂರು ವಡೆ ಹುಟ್ಟಿತು ಎಂದು ಹೇಳುತ್ತಾರೆ. ಬೋಂಡಾ ಉರುಳುತ್ತದೆ, ವಡೆ ಕೂರುತ್ತದೆ. ವಡೆಯಗಲದ ಚಪ್ಪಟೆ ಕಲ್ಲೊಂದು ಸದಾ ಪೆಟ್ಟಿಗೆಯಲ್ಲಿರಲಿ. ಎಡಗಡೆಯ ಪೆಟ್ಟಿಗೆಯಲ್ಲಿ.

ಯಜಮಾನರ ತಿದ್ದುಪಡಿ

ಮಳವಳ್ಳಿ ಕಡೆಯ ಒಂದು ನಾಲೆ ಏರಿ. ಮೂತಿ ಮೇಲೆ, ಒಂದನೇ ಗೇರು, ಚಪ್ಪಟೆ ಕಲ್ಲು, ರಬ್ಬರ್ ಬಳೆ, ಎಲ್ಲ ಕ್ರಮವಾಗಿ ಮುಗಿಸಿ ನಾನು ನೀರಿನ ಬಾಟಲಿ ತೆಗೆದೆ. ಎತ್ತಿನಗಾಡಿಯೊಂದು ಬಂದು ಪಕ್ಕದಲ್ಲೇ ನಿಂತಿತು. ಯಜಮಾನರು ಇಳಿದು ತಮ್ಮ ಗಾಲಿಗಳ ಹಿಂದೆ ಒಂದೊಂದು ಕಲ್ಲು ಕೊಟ್ಟು, ಆಮೇಲೆ ಎತ್ತಿನ ಕೊರಳು ಬಿಚ್ಚಿದರು. ನನ್ನ ಬೈಕನ್ನು ಒಂದು ಸುತ್ತು ಹಾಕಿದರು.

“ಗಾಲಿಗೆ ಕಲ್ ಕೊಟ್ಟಿಲ್ವಲ್ಲಪ್ಪಾ?”

“ಗೇರಲ್ಲಿದೆ ಯಜಮಾನ್ರೆ.”

“ಗೇರು ಒಳ್ಗಡೆ ಅದೆ ಕಣಪ್ಪ, ಗಾಲಿ ಈಚೆ ಅದೆ. ವಸಿ ಒಂದ್ ಕಲ್ ಕೊಟ್ಬುಡು, ನಿನ್ ಗಂಟೇನ್ ಹೋಯ್ತದೆ?”

ಗೇರು ಬೈಕನ್ನು ಹಿಡಿದಿಟ್ಟುಕೊಳ್ಳುವುದು ಇಂಜಿನ್ನಿನ ಒಳಗೆ ಸಿಕ್ಕಿಕೊಂಡ ಗಾಳಿಯ ಒತ್ತಡದಿಂದ. ಕಡಿದಾದ ಜಾಗದಲ್ಲಿ ಆ ಒತ್ತಡ ಸೋರಿ ಬೈಕು ಇಷ್ಟಿಷ್ಟೇ ಹಿಂದಕ್ಕೆ ಸರಿಯಬಲ್ಲದು. ಕಲ್ಲಿನಿಂದ ಏನೂ ಸೋರುವುದಿಲ್ಲ. ಕೊಟ್ಟೆ. ಕಂಪನಿಯ ಕೈಪಿಡಿಯಲ್ಲಿ ಎಷ್ಟೋ ಪುಟಗಳಿದ್ದವು, ಇದು ಇರಲಿಲ್ಲ.

ಬಿದ್ದರೆ

ಮುತ್ತತ್ತಿಯ ಆಂಜನೇಯನಿಗೆ ಮುತ್ತೆತ್ತರಾಯ ಎಂದು ಹೆಸರು. ಸೀತಮ್ಮನ ಮೂಗುತಿಯ ಮುತ್ತು ಕಾವೇರಿಯ ಮಡುವಿಗೆ ಬಿದ್ದಾಗ ಬಾಲ ಇಳಿಬಿಟ್ಟು ಎತ್ತಿಕೊಟ್ಟನೆಂದು ಕತೆ. ಡಾ. ರಾಜ್‌ಕುಮಾರ್ ಅವರಿಗೆ ಮನೆಯವರಿಟ್ಟ ಮುತ್ತುರಾಜ ಎಂಬ ಹೆಸರು ಈ ದೇವರದೇ. ಬಿದ್ದದ್ದನ್ನು ಎತ್ತಿಕೊಡುವ ದೇವರು ಜಿಲ್ಲೆಯಲ್ಲೇ ಇರುವುದು ಭಾರಿ ಬೈಕಿನವರಿಗೆ ದೊಡ್ಡ ಧೈರ್ಯ. ಆದರೂ ವಿಧಾನ ಗೊತ್ತಿರಲಿ.

ಮೊದಲು ಇಂಜಿನ್ ಆರಿಸಿ, ಪೆಟ್ರೋಲ್ ಸೋರುತ್ತಿದೆಯೇ ನೋಡಿ. ಬಲಕ್ಕೆ ಬಿದ್ದಿದ್ದರೆ ಸ್ಟ್ಯಾಂಡನ್ನು ಈಗಲೇ ಬಿಡಿಸಿಡಿ, ಇಲ್ಲವಾದರೆ ಎತ್ತಿದ ರಭಸಕ್ಕೆ ಎಡಕ್ಕೆ ಬೀಳುತ್ತದೆ. ಗೇರಿನಲ್ಲಿರಲಿ. ಬೈಕಿಗೆ ಬೆನ್ನು ಮಾಡಿ, ಸೀಟಿಗೆ ಸೊಂಟ ಒತ್ತಿ ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲು, ಇನ್ನೊಂದರಲ್ಲಿ ಹಿಂದಿನ ಗಟ್ಟಿ ಕಂಬಿ ಹಿಡಿದು, ಬೆನ್ನು ಬಗ್ಗಿಸದೆ ಕಾಲಿನ ಬಲದಿಂದ ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತ ಹಿಂದಕ್ಕೆ ನಡೆಯಿರಿ. ಮೂಟೆ ಹೊರುವವರು ಏಳುವುದು ಹೀಗೆಯೇ. ಎದುರಿನಿಂದ ಬಗ್ಗಿ ಹ್ಯಾಂಡಲ್ ಹಿಡಿದು ಎತ್ತುವುದು ಸಿನಿಮಾದಲ್ಲಿ ಚೆನ್ನ.

ಷರಾ

ಹೊರಡುವಾಗ ಗಾಲಿಗೆ ಕೊಟ್ಟ ಕಲ್ಲನ್ನು ದಯವಿಟ್ಟು ರಸ್ತೆಯ ನಡುವೆ ಬಿಟ್ಟು ಹೋಗಬೇಡಿ. ಕೆಟ್ಟು ನಿಂತ ಲಾರಿಯವರು ಬಿಟ್ಟು ಹೋದ ಕಲ್ಲುಗಳೇ ನಮಗೆ ಸಾಕಷ್ಟಿವೆ. ಇಳಿದು, ಎತ್ತಿ, ಏರಿಯ ಆಚೆಗೆ ಎಸೆದು ಹೋಗಿ. ಕತ್ತಲಾದ ಮೇಲೆ ಹಿಂದೆ ಬರುವವನೂ ಸರ್ವಿಸ್ ರಸ್ತೆಯವನೇ.