ಗ್ರೇಡಿಯೆಂಟ್ ಭಾವ

ನಮ್ಮ ಅಕ್ಕನ ಗಂಡ ಬೆಂಗಳೂರಿನಿಂದ ಕಾರ್ಕಳಕ್ಕೆ ಬರುತ್ತಿದ್ದದ್ದು ವರ್ಷಕ್ಕೆ ಒಂದೇ ಸಲ, ದೀಪಾವಳಿಗೆ. ಐವತ್ತು ತುಂಬುವ ಹೊತ್ತಿಗೆ ಡಾಕ್ಟರು ‘ಸ್ವಲ್ಪ ಮೈ ಬಗ್ಗಿಸಿ’ ಅಂದರಂತೆ. ಭಾವ ಸೈಕಲ್ಲಿನ ಹ್ಯಾಂಡಲ್ ಮೇಲೆ ಬಗ್ಗಿದರು, ಇನ್ನೂ ಎದ್ದಿಲ್ಲ. ಈಗ ತಿಂಗಳಿಗೊಮ್ಮೆ ಬರುತ್ತಾರೆ. ಅಕ್ಕ ಬರುವುದಿಲ್ಲ. ಅವಳು ಕೂರುವ ಜಾಗದಲ್ಲಿ ಸೈಕಲ್ ಮಲಗಿರುತ್ತದೆ, ಅವಳದೇ ಕಂಬಳಿ ಹೊದ್ದುಕೊಂಡು.

ನಿಮ್ಮ ನೆಂಟರಿಷ್ಟರಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ‘ಮದುವೆ ಹೇಗಾಯ್ತು ಭಾವ?’ ಅಂತ ಕೇಳಿ ನೋಡಿ. ‘ಛತ್ರದ ಹತ್ತಿರ ಕೊನೇ ಒಂದು ಕಿಲೋಮೀಟರು ಎಂಟು ಪರ್ಸೆಂಟು ಕಣಯ್ಯಾ’ ಅನ್ನುತ್ತಾರೆ. ನೂರು ಮೀಟರು ಮುಂದಕ್ಕೆ ಹೋಗುವಷ್ಟರಲ್ಲಿ ಎಂಟು ಮೀಟರು ಮೇಲಕ್ಕೆ ಏರಿದರೆ ಅದು ಎಂಟು ಪರ್ಸೆಂಟು. ಈ ಲೆಕ್ಕವನ್ನು ಎಂಬತ್ತು ದಾಟಿದ ನಮ್ಮ ಅಮ್ಮನಿಗೂ ಕಲಿಸಿಟ್ಟಿದ್ದಾರೆ. ಅಮ್ಮ ಅಟ್ಟದ ಏಣಿಗೆ ಕೈಯಿಟ್ಟು, ‘ಇದು ಎಷ್ಟು ಪರ್ಸೆಂಟ್ ಆದೀತು ಅಳಿಯಂದಿರೇ?’ ಅಂತ ಕೇಳಿದಾಗ ಭಾವ ಮೊಬೈಲು ತೆಗೆದು ನಿಜವಾಗಿಯೂ ಅಳೆದರು.

ಆದರೆ ಭಾವನ ದೊಡ್ಡ ಹುಚ್ಚು ಏರು ಅಲ್ಲ, ಮೌನ. ಸದ್ದಿಲ್ಲದ ರಸ್ತೆ ಬೇಕು. ಶಿರಾಡಿಯಲ್ಲಿ ಲಾರಿ, ಚಾರ್ಮಾಡಿಯಲ್ಲಿ ಬಸ್ಸು, ಆಗುಂಬೆಯ ಹದಿನಾಲ್ಕು ತಿರುವಿನಲ್ಲೂ ಸೆಲ್ಫಿಯವರು ಅಂತ ಮೂರು ಘಾಟಿಗಳನ್ನೂ ಒಂದೇ ಉಸಿರಿಗೆ ತಳ್ಳಿಹಾಕಿದ್ದಾರೆ. ಗಂಟೆಗೆ ಎಷ್ಟು ಹಾರನ್ ಕೇಳಿತು ಅಂತ ಬರೆದಿಡುವ ಪುಸ್ತಕವೂ ಇದೆ. ಕಳೆದ ನವೆಂಬರಿನಲ್ಲಿ ಬಂದವರು ಬಾಗಿಲಲ್ಲೇ ದನಿ ತಗ್ಗಿಸಿ, ‘ಒಂದು ರಸ್ತೆ ಸಿಕ್ಕಿದೆ. ಯಾರಿಗೂ ಹೇಳ್ಬೇಡ’ ಅಂದರು. ಯಾವುದು ಅಂತ ನೋಡಿದರೆ ಬಜಗೋಳಿ, ಮಾಳ, ಎಸ್.ಕೆ. ಬಾರ್ಡರ್, ಕುದುರೆಮುಖ, ಸಂಸೆ, ಕಳಸ. ನಾನು ಹುಟ್ಟಿದಾಗಿನಿಂದ ಬಸ್ಸಿನಲ್ಲಿ ಹೋಗಿಬಂದ ರಸ್ತೆ! ಆಗಲಿ, ಹೇಳುವುದಿಲ್ಲ ಅಂತ ಮಾತು ಕೊಟ್ಟೆ.

ಮರುದಿನ ಬೆಳಿಗ್ಗೆ ನಾಲ್ಕಕ್ಕೆ ನಮ್ಮ ಚಾವಡಿ ಯಕ್ಷಗಾನದ ಚೌಕಿಯಾಯಿತು. ಮೈಗಂಟುವ ಬಣ್ಣದ ಅಂಗಿ, ತೊಡೆಗೆ ದಿಂಬು ಹೊಲಿದ ಚಡ್ಡಿ, ಕೆಂಪು ಕನ್ನಡಕ, ಕಿರೀಟದಂಥ ಹೆಲ್ಮೆಟು. ಬೂಟಿನ ಅಡಿಯಲ್ಲಿ ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟು ಇರುವುದರಿಂದ ನೆಲದ ಮೇಲೆ ಟಕ್ ಟಕ್ ಅಂತ ಮರದ ಮೆಟ್ಟಿನ ನಡಿಗೆ. ಆಮೇಲೆ ತೂಕದ ಕಾರ್ಯಕ್ರಮ. ನನ್ನ ಹೆಂಡತಿಯ ಅಡುಗೆಮನೆಯ ತಕ್ಕಡಿ ತರಿಸಿ, ಪಂಪು, ಎರಡು ಟ್ಯೂಬು, ಟಯರು ಬಿಚ್ಚುವ ಪ್ಲಾಸ್ಟಿಕ್ ಸಟ್ಟುಗ ಇರುವ ಚೀಲವನ್ನು ಅದರ ಮೇಲಿಟ್ಟರು. ಆರುನೂರ ನಲವತ್ತು ಗ್ರಾಂ. ‘ಇಷ್ಟು ಭಾರ ಹೊತ್ತು ಘಾಟಿ ಹತ್ತೋಕಾಗುತ್ತಾ? ನೀನು ಓಮ್ನಿ ತಗೊಂಡು ಹಿಂದೇನೇ ಬರ್ತೀಯಲ್ಲ, ಅಲ್ಲಿಟ್ಕೋ’ ಅಂದರು. ಹಗುರಾದ ಸಂತೋಷಕ್ಕೆ ಹನ್ನೊಂದು ನೀರುದೋಸೆ ತಿಂದರು. ಅದನ್ನು ಯಾರೂ ತಕ್ಕಡಿಗೆ ಹಾಕಲಿಲ್ಲ.

ಮಾಳದ ಅರಣ್ಯ ಗೇಟಿನವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಅಲ್ಲಿಂದ ಮುಂದೆ ರಾಷ್ಟ್ರೀಯ ಉದ್ಯಾನ. ಗಾಡಿಗಳಿಗೆ ಗೇಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ. ನಡುವೆ ಎಲ್ಲೂ ನಿಲ್ಲಬಾರದು, ಹೊತ್ತು ಮೀರುವ ಮೊದಲು ಆಚೆ ಗೇಟು ದಾಟಬೇಕು. ಗೇಟಿನವರು ಪುಸ್ತಕ ಬಿಡಿಸಿ ಭಾವನನ್ನು ಮೇಲಿಂದ ಕೆಳಗೆ ನೋಡಿದರು.

‘ಗಾಡಿ ನಂಬರ್ ಎಂತದು?’

‘ಸೈಕಲ್ ಸ್ವಾಮಿ. ನಂಬರ್ ಇರಲ್ಲ. ಫ್ರೇಮ್ ನಂಬರ್ ಬೇಕಾ?’ ಅಂತ ಭಾವ ಸೈಕಲ್ಲನ್ನು ತಲೆಕೆಳಗು ಮಾಡಿದರು. ಗೇಟಿನವರು ತಾಳ್ಮೆಯಿಂದ ‘ಸೈಕಲ್, ಒಂದು’ ಅಂತ ಬರೆದು ನನ್ನ ಕಡೆ ತಿರುಗಿದರು. ‘ನೀವು ಇವರ ಹಿಂದಿನಿಂದಲೇ ಹೋಗುವುದಾ? ಹಾಗಾದರೆ ನಿಮ್ಮ ಟೈಮು ಇಲ್ಲೇ ಅರ್ಧ ಘಾಟಿಯಲ್ಲಿ ಮುಗೀತದೆ ಮಾರಾಯ್ರೆ.’

ನಿಲ್ಲುವ ಹಾಗಿಲ್ಲ, ಗಂಟೆಗೆ ಎಂಟು ಕಿಲೋಮೀಟರಿನಲ್ಲಿ ತೆವಳುವ ಹಾಗೂ ಇಲ್ಲ. ನಾನು ಮುಂದೆ ಹೋಗಿ ಕುದುರೆಮುಖ ಪೇಟೆಯಲ್ಲಿ ಕಾಯುವುದು ಅಂತಾಯಿತು. ಭಾವ ತುಳಿಯತೊಡಗಿದರು. ಆರುನೂರ ನಲವತ್ತು ಗ್ರಾಮಿನ ಚೀಲ ಓಮ್ನಿಯ ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿತ್ತು. ಅದು ಅವರಿಗೂ ನೆನಪಾಗಲಿಲ್ಲ, ನನಗೂ ನೆನಪಾಗಲಿಲ್ಲ.

ಎಸ್.ಕೆ. ಬಾರ್ಡರ್ ಅಂದರೆ ಸೌತ್ ಕೆನರಾ ಬಾರ್ಡರ್. ಆ ಹೆಸರಿನ ಜಿಲ್ಲೆ ಈಗಿಲ್ಲ, ಕಾರ್ಕಳ ಸೀಮೆ 1997ರಲ್ಲಿ ಉಡುಪಿಗೆ ಸೇರಿಯಾಯಿತು. ಗಡಿ ಮಾತ್ರ ಹಳೆಯ ಹೆಸರು ಹಿಡಿದುಕೊಂಡು ನಿಂತಿದೆ. ಎಡಕ್ಕೆ ಹೋದರೆ ಶೃಂಗೇರಿ, ಬಲಕ್ಕೆ ಕುದುರೆಮುಖ. ಬಲಕ್ಕೆ ತಿರುಗಿದ ಮೇಲೆ ಸುಖ. ಒಂದು ತಿರುವಿನಲ್ಲಿ ತಲೆಯ ಮೇಲೆ ಕಾಡು ಮುಚ್ಚಿಕೊಳ್ಳುತ್ತದೆ. ಇನ್ನೊಂದರಲ್ಲಿ ಕಾಡೇ ಇಲ್ಲ, ಬರೀ ಹುಲ್ಲಿನ ಗುಡ್ಡ, ನಡುವಿನ ಕೊರಕಲಿನಲ್ಲಿ ಮಾತ್ರ ಶೋಲಾ ಮರಗಳು ಒತ್ತಾಗಿ ನಿಂತಿರುತ್ತವೆ. ಮಂಜು ಇಳಿದರೆ ಅದೂ ಇಲ್ಲ.

ಪೇಟೆಯಲ್ಲಿ ಒಂದು ಚಾ ಕುಡಿದೆ. ಇನ್ನೊಂದನ್ನೂ ಕುಡಿದೆ. ಎದುರಿಗೆ ಕಂಪನಿಯ ಕ್ವಾರ್ಟರ್ಸ್ ಸಾಲು, ಎಷ್ಟೋ ಮನೆಗಳ ಅಂಗಳದಲ್ಲಿ ಆಳೆತ್ತರ ಹುಲ್ಲು. 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಬಂದ ಮೇಲೆ ಕಾಡಿನ ನಡುವೆ ಎದ್ದ ಊರು ಇದು. ಗುಡ್ಡ ಅಗೆದು, ಅದಿರನ್ನು ನೀರಿನಲ್ಲಿ ಕಲಸಿ, ಅರುವತ್ತೇಳು ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಸುತ್ತಲ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸಿಂಗಳೀಕಗಳ ಲೆಕ್ಕ ಹಿಡಿದು ಈ ಕಾಡೆಲ್ಲ ತಿರುಗಿದ ಉಲ್ಲಾಸ ಕಾರಂತರ ಸಮೀಕ್ಷೆಯ ಪಾಲು ಅದರಲ್ಲಿ ದೊಡ್ಡದು. ಗಣಿಗಾರಿಕೆ ಮಾತ್ರ ಆಮೇಲೂ ನಡೆದು, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಯ ದಿನಕ್ಕೆ ನಿಂತಿತು. ಈ ರಸ್ತೆಯ ಮೌನ ಪ್ರಕೃತಿ ಕೊಟ್ಟದ್ದು ಅಂತ ಭಾವ ಬರೆದುಕೊಂಡಿದ್ದಾರೆ. ನನ್ನ ಪ್ರಕಾರ ಅರ್ಧ ಪ್ರಕೃತಿ, ಅರ್ಧ ಕೋರ್ಟು. ಕಂಪನಿಯ ಕೆಲಸ ಹೋದವರನ್ನು ಕೇಳಿದರೆ ಈ ಮೌನದ ಬಗ್ಗೆ ಬೇರೆಯೇ ಹೇಳಿಯಾರು.

ಮೂರನೆಯ ಚಾ ಮುಗಿಯುವಾಗ ಪಕ್ಕದ ಸೀಟಿನ ಚೀಲ ನೆನಪಿಗೆ ಬಂತು. ಫೋನು ಮಾಡಿದರೆ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಅಂತ ಹೆಣ್ಣು ದನಿ. ವಾಪಸು ಹೊರಡೋಣ ಅಂತ ಕೀ ತಿರುಗಿಸುವಷ್ಟರಲ್ಲಿ ಕಾರ್ಕಳ ಕಡೆಯಿಂದ ಒಂದು ಬಸ್ಸು ಬಂದು ನಿಂತಿತು. ಮೊದಲು ಸೈಕಲ್ಲು ಟಾಪಿನಿಂದ ಇಳಿಯಿತು. ಆಮೇಲೆ ಟಕ್ ಟಕ್ ಅಂತ ಭಾವ ಇಳಿದರು. ಬಸ್ಸಿನ ಕಿಟಕಿಗಳಲ್ಲೆಲ್ಲ ಮುಖ.

ಕದಂಬಿ ಜಲಪಾತ ಇನ್ನೂ ಸ್ವಲ್ಪ ದೂರ ಇರುವಾಗಲೇ ಹಿಂದಿನ ಚಕ್ರ ಪಂಕ್ಚರ್ ಆಗಿತ್ತಂತೆ. ನಾನು ಬೈಗುಳಕ್ಕೆ ತಯಾರಾಗಿದ್ದೆ. ಭಾವನ ಸಿಟ್ಟು ಬೇರೆ ಕಡೆಗಿತ್ತು.

‘ಒಂದೂವರೆ ಗಂಟೆ ನಿಂತಿದ್ದೀನಿ ಕಣಯ್ಯಾ. ಒಂದ್ ಗಾಡಿ ಬರ್ಲಿಲ್ಲ! ಒಂದು ನರಪಿಳ್ಳೆ ಇಲ್ಲ! ಎಂಥಾ ರಸ್ತೆ ಇದು?’

ನನಗೆ ನಗು ಬಂತು. ಬನ್ಸ್ ಬಾಯಿಗಿಟ್ಟು ತಡೆದುಕೊಂಡೆ. ಮರದಿಂದ ನೆಲಕ್ಕಿಳಿಯುವುದೇ ಅಪರೂಪವಾದ ಸಿಂಗಳೀಕಗಳು ಅಂಗಿಯ ಬಣ್ಣ ನೋಡಲು ಕೆಳಗಿನ ಕೊಂಬೆಯವರೆಗೆ ಬಂದಿದ್ದವಂತೆ. ‘ಫೋಟೋ ತೆಗೆದಿರಾ?’ ಅಂದೆ. ‘ತೆಗೆದು ಯಾರಿಗೆ ಕಳಿಸ್ಲಿ? ನೆಟ್‌ವರ್ಕ್ ಇಲ್ಲ!’

ಟ್ಯೂಬು ಬದಲಿಸಿ ಕಳಸದ ಕಡೆ ಹೊರಟದ್ದಾಯಿತು. ಬಸರಿಕಲ್ಲು ಗೇಟು ದಾಟಿದ ಮೇಲೆ ನಿಲ್ಲಬಾರದೆಂಬ ಕಟ್ಟು ಇರಲಿಲ್ಲವಾಗಿ ಈ ಸಲ ನಾನು ಹಿಂದೆಯೇ ಹೋದೆ. ಸಂಸೆಯ ಚಹಾ ತೋಟದ ಹತ್ತಿರ ಇಳಿಜಾರಿನಲ್ಲಿ ಭಾವ ತುಳಿಯುವುದನ್ನು ನಿಲ್ಲಿಸಿದ್ದೇ ತಡ, ಹಿಂದಿನ ಚಕ್ರದಿಂದ ಕಿರ್ರ್ರ್ ಅಂತ ಒಂದು ಸದ್ದು ಎದ್ದಿತು. ನೂರು ಜೀರುಂಡೆಗಳನ್ನು ಡಬ್ಬಿಗೆ ಹಾಕಿ ಅಲ್ಲಾಡಿಸಿದ ಹಾಗೆ. ತೋಟದ ಬದಿಯಲ್ಲಿ ಮೇಯುತ್ತಿದ್ದ ದನ ಹಗ್ಗ ಕಿತ್ತಿತು. ಏನೋ ಬಿಚ್ಚಿಹೋಯಿತು ಅಂತ ನಾನು ಹಾರನ್ ಹಾಕಿದೆ.

‘ಅದು ಹಬ್ಬು ಕಣೋ! ಒಳ್ಳೇ ಹಬ್ಬು ಹೀಗೇ ಕೂಗೋದು. ಅಗ್ಗದ್ದು ಸುಮ್ನಿರುತ್ತೆ’ ಅಂದರು ಹೆಮ್ಮೆಯಿಂದ. ಸಂಜೆ ಪುಸ್ತಕ ನೋಡಿದರೆ ‘ಹಾರನ್: 1’ ಅಂತಿತ್ತು. ಅದು ನಾನು ಹಾಕಿದ್ದು.

ಕಳಸದಲ್ಲಿ ನೆಟ್‌ವರ್ಕ್ ಬಂತು. ಕೈಗಡಿಯಾರ, ಫೋನು, ಹ್ಯಾಂಡಲಿನ ಡಬ್ಬಿ ಎಲ್ಲ ಒಟ್ಟಿಗೆ ಕೂಗಿಕೊಂಡವು. ಬಸ್ಸು ಹತ್ತುವಾಗ ಭಾವ ಸವಾರಿಯ ವೇಗದ ಲೆಕ್ಕ ಇಡುವ ಸ್ಟ್ರಾವಾ ಆ್ಯಪ್ ನಿಲ್ಲಿಸಲು ಮರೆತಿದ್ದರು. ಕದಂಬಿಯಿಂದೀಚೆಯ ಏರಿನಲ್ಲಿ ಇಡೀ ಊರಿನ ಸೈಕಲ್ ಸವಾರರನ್ನೆಲ್ಲ ಹಿಂದಿಕ್ಕಿ ಅವರಿಗೆ ಕಿರೀಟ ಬಂದಿತ್ತು, ಏರಿನ ರಾಜ ಅಂತ. ‘ಅಳಿಸ್ಬೇಕು’ ಅಂದರು. ‘ಅಳಿಸಿ’ ಅಂದೆ. ‘ರಾತ್ರಿ ಅಳಿಸ್ತೀನಿ’ ಅಂದರು. ಅಷ್ಟರಲ್ಲಿ ನಲವತ್ತು ಜನ ಶಹಬ್ಬಾಸ್ ಹೇಳಿ, ಯಾವ ರಸ್ತೆ ಸರ್ ಅಂತ ಕೇಳಿಯಾಗಿತ್ತು. ಕೇಳಿದವರಿಗೆ ಇಲ್ಲ ಅನ್ನುವ ಜಾಯಮಾನ ಭಾವನದಲ್ಲ. ನಕ್ಷೆಯನ್ನೇ ಕಳಿಸಿದರು, ಕೊನೆಗೆ ‘ಯಾರಿಗೂ ಹೇಳಬೇಡಿ’ ಅಂತ ಸೇರಿಸಿ.

ಜನವರಿಯಲ್ಲಿ ಹದಿನಾಲ್ಕು ಸೈಕಲ್ಲು, ಮೂರು ಕಾರು ನಮ್ಮ ಅಂಗಳಕ್ಕೆ ಬಂದವು. ಹೆಂಡತಿ ಹಿಂದಿನ ರಾತ್ರಿ ಐದು ಸೇರು ಅಕ್ಕಿ ನೆನೆಹಾಕಿದ್ದಳು. ಫೆಬ್ರವರಿಯಲ್ಲಿ ಭಾವ ಒಬ್ಬರೇ ಬಂದರು, ಮುಖ ಬಾಡಿತ್ತು.

‘ಆ ರಸ್ತೆ ಕೆಟ್ಟುಹೋಯ್ತು ಕಣಯ್ಯಾ. ಎಲ್ಲಿ ನೋಡಿದ್ರೂ ಸೈಕಲ್‌ನವರೇ.’

ಊಟ ಮಾಡುತ್ತಾ ಕಿಟಕಿಯಾಚೆ ನೋಡಿದರು. ಬಾವಿಕಟ್ಟೆಯ ಹಿಂದಿನಿಂದ ನಮ್ಮ ಅಡಿಕೆ ತೋಟ ಹಾದು ಒಂದು ಟಾರು ದಾರಿ ಗುಡ್ಡದ ಕಡೆಗೆ ತಿರುಗುತ್ತದೆ. ಬೆಳಿಗ್ಗೆ ಹಾಲಿನವನು, ಸಂಜೆ ಹಾಲಿನವನು, ಅಷ್ಟೇ.

‘ಅದು ಎಲ್ಲಿಗೆ ಹೋಗುತ್ತೋ?’

‘ತೋಟಕ್ಕೆ’ ಅಂದೆ.

‘ಆಮೇಲೆ?’

ಹೆಂಡತಿ ಒಮ್ಮೆ ನನ್ನ ಮುಖ ನೋಡಿ, ಭಾವನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.