ಎರೆಹೊಲದಲ್ಲಿ ಉದ್ದ ಲೆನ್ಸು

ನವಲಗುಂದದ ಕಡೆ ಅಡಗಿ ಕೂರಬೇಕೆಂದರೆ ಒಂದು ಪೊದೆಯೂ ಸಿಗುವುದಿಲ್ಲ. ಗುಡ್ಡ ಬಿಟ್ಟು ಆಚೆ ಹೊರಟರೆ ಕಣ್ಣು ಸೋಲುವವರೆಗೂ ಎರೆಹೊಲ, ನಡುವೆ ಎಲ್ಲೋ ಒಂದು ಜಾಲಿ. ಚಿಗರಿ ನಮ್ಮನ್ನು ನೋಡಿ ಎಷ್ಟೋ ಹೊತ್ತಾದ ಮೇಲೆ ನಾವು ಚಿಗರಿಯನ್ನು ನೋಡುತ್ತೇವೆ. ಸಾದಾ ಲೆನ್ಸಿನಲ್ಲಿ ತೆಗೆದ ಕೃಷ್ಣಮೃಗವನ್ನು ಮನೆಯಲ್ಲಿ ತೋರಿಸಿದರೆ, ಕಡಲೆ ಹೊಲದ ತುದಿಗೆ ನೊಣ ಕೂತ ಹಾಗಿದೆ ಎನ್ನುತ್ತಾರೆ.

ಹಾಗಾಗಿ ಟೆಲಿ ಝೂಮ್. 70-300ರಲ್ಲಿ ಹತ್ತಿದ ಚಟ 200-500ಕ್ಕೆ ಹೋಗಿ ನಿಲ್ಲುತ್ತದೆ. ನಿಲ್ಲುತ್ತದೆ ಎಂದು ಕನಿಷ್ಠ ಹೆಂಡತಿಗೆ ಹೇಳಬೇಕು. 1959ರಲ್ಲಿ ಎಸ್‌ಎಲ್‌ಆರ್ ಕ್ಯಾಮೆರಾಗೆಂದು ಬಂದ ಮೊದಲ ಝೂಮ್, ಫೋಕ್ಟ್‌ಲೆಂಡರ್ ಝೂಮಾರ್, 36ರಿಂದ 82 ಮಿ.ಮೀ.ಗೇ ಸುಸ್ತಾಗುತ್ತಿತ್ತು. ಅದರಲ್ಲಿ ಚಿಗರಿ ಇರಲಿ, ಎಮ್ಮೆಯನ್ನು ತೆಗೆಯಲಿಕ್ಕೂ ಹತ್ತಿರ ಹೋಗಬೇಕು. ಈಗಿನ ನಿಕಾನ್ 200-500 ಎರಡು ಕಿಲೋ ಮೀರಿದ ಭಾರ. 500ಕ್ಕೆ ಎಳೆದು, ಕೈಯಲ್ಲೇ ಹಿಡಿದು, ಷಟರ್ ಸೆಕೆಂಡಿನ 1/500ಕ್ಕಿಂತ ನಿಧಾನ ಇಟ್ಟಿರೋ, ಚಿಗರಿಗೆ ಎಂಟು ಕಾಲು ಮೂಡುತ್ತವೆ.

ಅದಕ್ಕೇ ನಾನು ಬದುವಿನ ಮೇಲೆ ಜಮಖಾನ ಹಾಸಿ ಬೋರಲು ಮಲಗುತ್ತೇನೆ. ಜಿಐ ಮಾನ್ಯತೆ ಪಡೆದ ನವಲಗುಂದದ ಜಮಖಾನ, ನವಿಲಿನ ಚಿತ್ತಾರದ್ದು. ನೇಯ್ದ ಹೆಣ್ಣುಮಕ್ಕಳು ನೋಡಿದರೆ ಎರೆಮಣ್ಣು ಮೆತ್ತಿಸಿದ್ದಕ್ಕೆ ಸರಿಯಾಗಿ ಬೈದಾರು. ಲೆನ್ಸಿನ ಕೆಳಗೆ ಹೆಸರುಕಾಳಿನ ಚೀಲ. ಪೇಟೆಯಲ್ಲಿ ಇಂಥದ್ದನ್ನು ಬೀನ್ ಬ್ಯಾಗ್ ಎಂದು ರೊಕ್ಕಕ್ಕೆ ಮಾರುತ್ತಾರೆ. ನಮ್ಮಲ್ಲಿ ಶೂಟಿಂಗ್ ಮುಗಿದ ಮೇಲೆ ಅವ್ವ ಅದನ್ನೇ ಬಿಚ್ಚಿ ಉಸಳಿಗೆ ನೆನೆಹಾಕುತ್ತಾಳೆ.

ಬಿಸಿಲೇರಿದರೆ ಆಟ ಮುಗಿಯಿತು. ಕಾದ ಎರೆಯಿಂದ ಗಾಳಿ ನಡುಗುತ್ತ ಏಳುತ್ತದೆ, ಚಿಗರಿಯ ಕಾಲುಗಳು ಕರಗಿ ಬರೀ ಮೈಯಷ್ಟೇ ತೇಲುತ್ತದೆ. ಎಷ್ಟು ದುಬಾರಿ ಗಾಜಾದರೂ ನಡುವಿನ ಗಾಳಿಯನ್ನು ಒರೆಸಲಾರದು.

ಉದ್ದ ಲೆನ್ಸಿನ ಇನ್ನೊಂದು ಗುಣ ಪುಢಾರಿಗಳಿಗೆ ಚೆನ್ನಾಗಿ ಗೊತ್ತು. ದೂರ ನಿಂತು ತೆಗೆದರೆ ಮುಂದಿನವರೂ ಹಿಂದಿನವರೂ ಒತ್ತಿಕೊಂಡು ನಿಂತಂತೆ ಕಂಡು, ಸಣ್ಣ ಸಭೆಯೂ ಜನಸಾಗರವಾಗುತ್ತದೆ. ಮಹದಾಯಿ ನದಿ ನೀರಿನ ಹೋರಾಟದ ದಿನಗಳಲ್ಲಿ ನವಲಗುಂದಕ್ಕೆ ಈ ಉಪಾಯ ಬೇಕಾಗಿರಲಿಲ್ಲ. ಜನ ನಿಜಕ್ಕೂ ಇದ್ದರು.

ಆ ನೀರಿನ ಮಾತು ಹೊಲದಲ್ಲೂ ಬಿಡುವುದಿಲ್ಲ. ನಾನು ಮಲಗಿದ್ದನ್ನು ಕಂಡು ಒಬ್ಬ ಅಜ್ಜ ಚಕ್ಕಡಿ ನಿಲ್ಲಿಸಿದ. “ಸರ್ವೇದವ್ರೇನ್ರೀ?”

“ಅಲ್ಲ ಯಜ್ಜಾ, ಫೋಟೊ.”

“ಹಂಗಾರ ಮಹದಾಯಿ ನೀರು ಎಲ್ಲೀತನಕ ಬಂದೈತಿ, ಇದರಾಗ ಕಾಣಸ್ತೈತೇನು?”

ಕಣ್ಣು ಹಚ್ಚಿ ನೋಡಲು ಕೊಟ್ಟೆ. ಹೋರಿ ಚಿಗರಿಯ ತಿರುಚಿದ ಕೊಂಬು, ಕಣ್ಣ ಸುತ್ತಲಿನ ಬಿಳಿ ಉಂಗುರ, ಬಾಯಲ್ಲಿ ಅಲ್ಲಾಡುವ ಹಸಿರು. ಅಜ್ಜ ಬೆಚ್ಚಿದ. “ಅಯ್ಯ ಇವನ! ನನ್ನ ಕಡ್ಲಿ ಮೇಯಾಕತ್ತಾವಲ್ಲೋ! ಹತ್ರ ತರೂದೇನ್ ಮಾಡ್ತೀರಿ, ದೂರ ಒಯ್ಯೂದಿದ್ರ ಹೇಳ್ರಿ, ಸುಗ್ಗಿ ಮುಗಿಯೂತನಕ ಬಾಡಗಿಗೆ ತಗೋತೀನಿ.”

ಬೈಯುತ್ತಲೇ ಚಕ್ಕಡಿ ಹೊಡೆದುಕೊಂಡು ಆ ಹಿಂಡಿನ ಮಗ್ಗುಲಿಂದಲೇ ಹೋದ. ಚಿಗರಿಗಳು ತಲೆ ಎತ್ತಿ ನೋಡಿದವು, ಮತ್ತೆ ಮೇಯತೊಡಗಿದವು. ನಾನು ಮೊಣಕಾಲೂರಿ ಏಳುವುದೇ ತಡ, ಹಿಂಡಿಗೆ ಹಿಂಡೇ ಜಿಗಿಯುತ್ತ ಅಣ್ಣಿಗೇರಿ ದಿಕ್ಕಿಗೆ ಹಾರಿತು. ಮುಂದಿನ ಸಲ ಅಜ್ಜನನ್ನೇ ಕೇಳಬೇಕು, ಚಕ್ಕಡಿಗೆ ದಿನಕ್ಕೆ ಏನು ಬಾಡಿಗೆ ಎಂದು.